ಎರಡನೇ ಬೈಕು

ಹದಿನೆಂಟು ತುಂಬಿದವರು 100 ಸಿಸಿಯ ಬೈಕೊಂದನ್ನು ಆರ್‌ಟಿಒ ಮೈದಾನಕ್ಕೆ ತಂದು, ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕಿ ತೋರಿಸಿದರೆ ಗೇರ್ ಗಾಡಿಯ ಲೈಸೆನ್ಸ್ ಸಿಗುತ್ತದೆ. ಅದೇ ಕಾರ್ಡ್ ಜೇಬಿನಲ್ಲಿಟ್ಟುಕೊಂಡು ಮರುದಿನ 1000 ಸಿಸಿಯ ಸೂಪರ್‌ಬೈಕ್ ಏರಿದರೂ ನಮ್ಮ ಕಾನೂನು ಅಡ್ಡ ಬರುವುದಿಲ್ಲ. 8 ಅಶ್ವಶಕ್ತಿಯ ಗಾಡಿಗೂ 200 ಅಶ್ವಶಕ್ತಿಯ ಗಾಡಿಗೂ ಒಂದೇ ಪರೀಕ್ಷೆ, ಒಂದೇ ಕಾರ್ಡು.

ಯುರೋಪಿನ ಒಕ್ಕೂಟದಲ್ಲಿ ಹೀಗಿಲ್ಲ. 2013ರಿಂದ ಜಾರಿಯಲ್ಲಿರುವ ಕ್ರಮದ ಪ್ರಕಾರ ಕಲಿಯುವವರ ಮೊದಲ ಹಂತ 125 ಸಿಸಿ, 11 ಕಿಲೋವ್ಯಾಟ್‌ಗೆ ನಿಲ್ಲುತ್ತದೆ. ಎರಡನೇ ಹಂತದ ಮಿತಿ 35 ಕಿಲೋವ್ಯಾಟ್, ಅಂದರೆ ಸುಮಾರು 47 ಅಶ್ವಶಕ್ತಿ. ಅಲ್ಲಿ ಎರಡು ವರ್ಷ ಕಳೆದವರಿಗೆ ಮಿತಿಯಿಲ್ಲದ ಪರವಾನಗಿಯ ಬಾಗಿಲು ತೆರೆಯುತ್ತದೆ. ಜಪಾನಿನಲ್ಲಿ 400 ಸಿಸಿವರೆಗೆ ಒಂದು ಲೈಸೆನ್ಸ್, ಅದಕ್ಕೂ ಮೇಲೆ ಹೋಗಲು ಬೇರೆಯದೇ ಪರೀಕ್ಷೆ. ನಮ್ಮ ಕಾನೂನಿನಲ್ಲಿ ಈ ಮೆಟ್ಟಿಲುಗಳಿಲ್ಲ. ಹಾಗಾಗಿ ಅವನ್ನು ಕಟ್ಟಿಕೊಳ್ಳುವ ಹೊಣೆ ಓಡಿಸುವವರದು, ಅವರ ಮನೆಯವರದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಮೊದಲ ಬೈಕಿನಿಂದ ಎರಡನೇ ಬೈಕಿಗೆ ಏರುವ ಮಾತು ಬರೀ ಖಯಾಲಿಯ ಮಾತಲ್ಲ ಎನ್ನಲು ಇಷ್ಟು ಸಾಕು.

ಆದರೂ ಆ ಖಯಾಲಿಯನ್ನು ನಾನು ತೆಗೆದುಹಾಕುವವನಲ್ಲ. ಕಾಲೇಜಿನ ದಿನಗಳಲ್ಲಿ 150 ಸಿಸಿಯ ಗಾಡಿ ಓಡಿಸಿದ ಹುಡುಗ ಕೆಲಸಕ್ಕೆ ಸೇರಿ ಎರಡು ವರ್ಷವಾಗುವ ಹೊತ್ತಿಗೆ, ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತ ಹಸಿರು ನಿಂಜಾದ ಕಡೆ ನೋಡುವ ನೋಟದಲ್ಲಿ ತಪ್ಪೇನಿದೆ? 2008ರಲ್ಲಿ ಯಮಹಾ ಆರ್15 ಬಂದದ್ದೇ ಈ ಆಸೆಗೆ ನಮ್ಮ ಮಧ್ಯಮವರ್ಗದ ಅಂಗಳದಲ್ಲಿ ಜಾಗ ಮಾಡಿಕೊಟ್ಟಿತು. 150 ಸಿಸಿಯೊಳಗೇ ನಾಲ್ಕು ವಾಲ್ವ್, ನೀರಿನಿಂದ ತಂಪಾಗುವ ಇಂಜಿನ್, ಆರು ಗೇರ್, 17 ಅಶ್ವಶಕ್ತಿ, ಮೈತುಂಬ ಫೇರಿಂಗ್. ತಿರುವಿನಲ್ಲಿ ಗಾಡಿಯನ್ನು ಹೇಗೆ ವಾಲಿಸಬೇಕು ಎಂಬುದನ್ನು ಒಂದು ತಲೆಮಾರಿಗೆ ಕಲಿಸಿದ್ದು ಆ ಗಾಡಿ. ಅದರ ಮೇಲೆ ಕಲಿತವರಿಗೆ ಮುಂದಿನದು ಬೇಕೆನಿಸುವುದು ಸಹಜ.

ಬೇಕೆನಿಸುವುದಕ್ಕೂ ಸಿದ್ಧವಾಗಿರುವುದಕ್ಕೂ ನಡುವೆ ಇರುವ ದೂರವನ್ನು ಅಳೆಯುವುದು ಹೇಗೆ? ‘ಟಾಪ್ ಸ್ಪೀಡ್ ಮುಟ್ಟಿಬಿಟ್ಟೆ, ಇನ್ನೇನೂ ಉಳಿದಿಲ್ಲ’ ಎನ್ನುವುದು ಬಹಳ ಜನ ಕೊಡುವ ಕಾರಣ. ನೇರ ರಸ್ತೆಯಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಲು ಯಾವ ಕೌಶಲವೂ ಬೇಡ. ನಾನು ಕೇಳುವುದು ಬೇರೆ ಪ್ರಶ್ನೆ. ಮಳೆ ಬಿದ್ದ ರಸ್ತೆಯಲ್ಲಿ 60ರ ವೇಗದಿಂದ, ಎದುರಿಗೆ ನಾಯಿ ಬಂದಾಗ, ಗಾಡಿಯನ್ನು ಅಡ್ಡ ಜಾರಲು ಬಿಡದೆ ನಿಲ್ಲಿಸಬಲ್ಲಿರಾ? ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿಯದೆ, ತೂಕ ಮುಂದಿನ ಚಕ್ರದ ಮೇಲೆ ಬಂದು ಕೂರುವ ತನಕ ಹದವಾಗಿ ಒತ್ತಿ, ಆಮೇಲೆ ಬಲ ಹಾಕುವುದು ಬೆರಳುಗಳಿಗೆ ರೂಢಿಯಾಗಿದೆಯೇ? ತಿರುವಿನೊಳಗೆ ಹೆದರಿಕೆಯಾದಾಗ ಕಣ್ಣು ರಸ್ತೆಯ ಅಂಚಿಗೆ ಹೋಗುತ್ತದೆಯೋ, ತಿರುವು ಮುಗಿಯುವ ಕಡೆಗೋ? ಇವಕ್ಕೆ ಉತ್ತರ ಸಮಾಧಾನಕರವಾಗಿದ್ದರೆ ಏರಬಹುದು. ಇಲ್ಲದಿದ್ದರೆ ಇರುವ 150ರಲ್ಲಿ ಕಲಿಯುವುದು ಬಾಕಿಯಿದೆ ಎಂದರ್ಥ. ಸಣ್ಣ ಗಾಡಿಯಲ್ಲಿ ಕಲಿಯುವುದು ಅಗ್ಗ, ಬಿದ್ದರೂ ಅಗ್ಗ.

ಬ್ರೇಕಿನ ಮಾತನ್ನು ಮೊದಲು ತಂದದ್ದಕ್ಕೆ ಕಾರಣವಿದೆ. ವೇಗ ಎರಡು ಪಟ್ಟಾದರೆ ಗಾಡಿಯಲ್ಲಿ ತುಂಬಿಕೊಳ್ಳುವ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಒಣಗಿದ ಒಳ್ಳೆಯ ಡಾಂಬರಿನ ಮೇಲೆ, ಚೆನ್ನಾಗಿ ಬ್ರೇಕ್ ಹಾಕಬಲ್ಲವರು 60 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 20 ಮೀಟರ್ ಬೇಕು. 120ರಿಂದ ನಿಲ್ಲಲು 80 ಮೀಟರ್. ಅಪಾಯ ಕಣ್ಣಿಗೆ ಬಿದ್ದು ಬೆರಳು ಬ್ರೇಕ್ ಮುಟ್ಟುವ ಒಂದು ಸೆಕೆಂಡಿನಲ್ಲಿ ಓಡುವ ದೂರವೇ ಬೇರೆ: 60ರಲ್ಲಿ 17 ಮೀಟರ್, 120ರಲ್ಲಿ 33. ಎರಡನ್ನೂ ಕೂಡಿಸಿದರೆ 37 ಮೀಟರಿನಲ್ಲಿ ಮುಗಿಯುತ್ತಿದ್ದ ಲೆಕ್ಕ 113ಕ್ಕೆ ಏರುತ್ತದೆ. 300–390 ಸಿಸಿಯ ಸ್ಪೋರ್ಟ್ಸ್ ಬೈಕ್ 100ರ ವೇಗವನ್ನು ಆರು ಸೆಕೆಂಡಿನ ಆಸುಪಾಸಿನಲ್ಲಿ ಮುಟ್ಟುತ್ತದೆ. 150ರ ಗಾಡಿ ಆ ವೇಗಕ್ಕೆ ಬರುವ ಮೊದಲು ನಿಮಗೆ ಯೋಚಿಸಲು ಸಮಯ ಕೊಡುತ್ತಿತ್ತು. ಹೊಸ ಗಾಡಿ ಆ ಸಮಯವನ್ನು ಕೊಡುವುದಿಲ್ಲ.

ನಮ್ಮ ದೇಶದ ಮೋಟಾರ್‌ಸೈಕಲ್ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಯೆಜ್ಡಿಗಳೇ ದೊಡ್ಡ ಗಾಡಿ ಎನಿಸಿದ್ದ ಕಾಲದಲ್ಲಿ, 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ರಾಜ್‌ದೂತ್ 350 ಹೊರತಂದಿತು. ಜಪಾನಿನ ಯಮಹಾ ಆರ್‌ಡಿ 350ಯ ಭಾರತೀಯ ರೂಪ ಅದು; ಎರಡು ಸಿಲಿಂಡರ್, ಆರು ಗೇರ್, 30ರ ಹತ್ತಿರ ಅಶ್ವಶಕ್ತಿ. ಜಪಾನಿನ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ಇಲ್ಲಿನದಕ್ಕೆ ಡ್ರಮ್. ಶಕ್ತಿ ಬಂತು, ಅದನ್ನು ಹಿಡಿದು ನಿಲ್ಲಿಸುವ ಸಾಧನ ಬರಲಿಲ್ಲ. ಇಂದು ಆ ಗಾಡಿಯನ್ನು ಪ್ರೀತಿಯಿಂದ ಕಾಪಾಡಿಕೊಂಡಿರುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರಲ್ಲಿ ಹಲವರು ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಿಕೊಂಡಿದ್ದಾರೆ.

ಈ ಪಾಠ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ 125 ಸಿಸಿ ದಾಟಿದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. 2013ರಲ್ಲಿ ಇಲ್ಲಿಗೆ ಬಂದ ಕವಾಸಾಕಿ ನಿಂಜಾ 300ಗೆ ನಮ್ಮಲ್ಲಿ ಎಬಿಎಸ್ ಸಿಕ್ಕಿದ್ದು 2018ರಲ್ಲಿ. 2015ರ ಯಮಹಾ ಆರ್3ಗೂ ಅಷ್ಟೇ. 2014ರ ಕೆಟಿಎಂ ಆರ್‌ಸಿ 390ಯಲ್ಲಿ ಮೊದಲಿನಿಂದಲೂ ಇತ್ತು. 2017ರ ಕೊನೆಯಲ್ಲಿ ಬಂದ ಟಿವಿಎಸ್ ಅಪಾಚೆ ಆರ್‌ಆರ್ 310ಯಲ್ಲೂ ಇತ್ತು. ಒಂದೇ ಮಾದರಿಯ ಎರಡು ಗಾಡಿಗಳ ನಡುವೆ ಆರಿಸುವಾಗ ಎಬಿಎಸ್ ಇರುವುದಕ್ಕೆ ಮೂವತ್ತು ನಲವತ್ತು ಸಾವಿರ ಹೆಚ್ಚು ಕೇಳಿದರೂ ಅದನ್ನೇ ಕೊಳ್ಳಿ ಎನ್ನುತ್ತೇನೆ. ಆ ಹಣವನ್ನು ಬಣ್ಣದ ಸೈಲೆನ್ಸರ್‌ಗೆ ಸುರಿಯುವವರನ್ನು ಕಂಡಾಗ ನಿಜವಾಗಿಯೂ ಸಂಕಟವಾಗುತ್ತದೆ.

ಹಾಗಾದರೆ 150ರಿಂದ ಯಾವುದಕ್ಕೆ? ಇಲ್ಲೊಂದು ಸಂಗತಿ ಗಮನಿಸಬೇಕು. ನಾವು ‘ದೊಡ್ಡ ಬೈಕು’ ಎನ್ನುವ ನಿಂಜಾ 300 (39 ಅಶ್ವಶಕ್ತಿ), ಆರ್3 (42), ಆರ್‌ಸಿ 390 (43ರ ಮೇಲೆ) ಎಲ್ಲವೂ ಯುರೋಪಿನ ಆ ಎರಡನೇ ಹಂತದ 35 ಕಿಲೋವ್ಯಾಟ್ ಮಿತಿಯೊಳಗೆ ಕೂರುತ್ತವೆ. ರಾಯಲ್ ಎನ್‌ಫೀಲ್ಡ್‌ನ 650 ಸಿಸಿ ಕಾಂಟಿನೆಂಟಲ್ ಜಿಟಿ ಕೂಡ 47ಕ್ಕೆ ನಿಲ್ಲುತ್ತದೆ. ಅಲ್ಲಿ ಇವು ಕಲಿಯುತ್ತಿರುವವರ ಗಾಡಿಗಳು. ಹೀಗಾಗಿ ಆರ್15 ಓಡಿಸಿದವರಿಗೆ ಸರಿಯಾದ ಮುಂದಿನ ಹಂತ ಇವೇ. ನಾಲ್ಕು ಸಿಲಿಂಡರಿನ 600 ಆಗಲಿ, 1000 ಆಗಲಿ ಅಲ್ಲ. ಹಳೆಯ ಜಪಾನಿ 600 ಒಂದು ಇದೇ ಬೆಲೆಗೆ ಸಿಗುತ್ತದೆಂದು ಯಾರಾದರೂ ಆಸೆ ತೋರಿಸಿದರೆ, ಅದರ ಒಂದು ಜೊತೆ ಟೈರಿನ ಬೆಲೆ ಕೇಳಿ ನೋಡಿ.

ಈ ಗುಂಪಿನೊಳಗೂ ಸ್ವಭಾವ ಬೇರೆ ಬೇರೆ. ನಿಂಜಾ ಮತ್ತು ಆರ್3 ಎರಡು ಸಿಲಿಂಡರಿನವು. ಶಕ್ತಿ ಮೆಲ್ಲಗೆ ಏರುತ್ತಾ ಹೋಗಿ ಮೇಲಿನ ಆರ್‌ಪಿಎಂನಲ್ಲಿ ತುಂಬಿಕೊಳ್ಳುತ್ತದೆ, ಕೆಳಗೆ ಸೌಮ್ಯ. ಥ್ರಾಟಲ್ ಸ್ವಲ್ಪ ಹೆಚ್ಚು ತಿರುಗಿದರೂ ಕ್ಷಮಿಸುತ್ತವೆ. ಆರ್‌ಸಿ 390 ಒಂದೇ ಸಿಲಿಂಡರಿನದು, ಹಗುರ, ಎರಡನೇ ಗೇರಿನಲ್ಲೇ ಮುಂದಿನ ಚಕ್ರ ಹಗುರಾಗುವಷ್ಟು ಪಿಕಪ್. ಬಲಗೈ ಪಳಗಿದವರಿಗೆ ಮಾತ್ರ ಅದು ಹೇಳಿ ಮಾಡಿಸಿದ ಗಾಡಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದರ ಬಿಸಿಯೂ ತೊಡೆಗೆ ಚೆನ್ನಾಗಿ ತಟ್ಟುತ್ತದೆ. ಅತ್ತಿಬೆಲೆ ಗಡಿಯಾಚೆ ಹೊಸೂರಿನಲ್ಲೇ ತಯಾರಾಗುವ ಆರ್‌ಆರ್ 310 ದಿನಬಳಕೆಗೆ ಇವುಗಳಲ್ಲಿ ಹೆಚ್ಚು ಒಗ್ಗುವಂಥದ್ದು, ಬಿಡಿಭಾಗವೂ ಸುಲಭಕ್ಕೆ ಸಿಗುತ್ತದೆ. ಮೊದಲ ಸಲ ಏರುವವರಿಗೆ ನನ್ನ ಒಲವು ಎರಡು ಸಿಲಿಂಡರಿನ 300ರ ಕಡೆಗೆ.

ಬೆಲೆಯ ವಿಷಯದಲ್ಲಿ 350 ಸಿಸಿ ಎಂಬುದು ಒಂದು ಗೆರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಹೊಸ ಬೈಕಿಗೆ ಜಿಎಸ್‌ಟಿ ಶೇ 18, ಅದನ್ನು ದಾಟಿದ್ದಕ್ಕೆ ಶೇ 40. ಥರ್ಡ್ ಪಾರ್ಟಿ ವಿಮೆಯಲ್ಲೂ ಅದೇ ಗೆರೆ: 2022ರ ದರದಂತೆ 150ರಿಂದ 350 ಸಿಸಿಗೆ ವರ್ಷಕ್ಕೆ 1,366 ರೂಪಾಯಿ, 350 ದಾಟಿದರೆ 2,804. ಇದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದ ಹೆಚ್ಚಿನ ದರಗಳಲ್ಲಿ ಒಂದು. ಹೊಸ ಗಾಡಿ ಕೊಂಡವರು ಇಷ್ಟೆಲ್ಲ ಕಟ್ಟಿರುತ್ತಾರೆ. ಮೂರು ನಾಲ್ಕು ವರ್ಷ ಕಳೆದು ಮಾರುವಾಗ ಅದು ಅವರಿಗೆ ವಾಪಸ್ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರ ನಿಜವಾದ ಲಾಭ ಇರುವುದು ಇಲ್ಲಿ.

ಇನ್ನು ಗಾಡಿ ನೋಡುವ ಕೆಲಸ. ‘ಸಿಂಗಲ್ ಓನರ್, ಶೋರೂಮ್ ಕಂಡೀಷನ್, ಒಂದು ಗೀರಿಲ್ಲ ಸಾರ್’ ಎಂಬ ಮಾತಿನಿಂದಲೇ ಎಲ್ಲ ಶುರುವಾಗುತ್ತದೆ. ಮಾತನ್ನು ಪಕ್ಕಕ್ಕಿಟ್ಟು ಗಾಡಿಯನ್ನೇ ಕೇಳಬೇಕು. ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಹೋಗಿ. ಹೋದ ತಕ್ಷಣ ಇಂಜಿನ್ನಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಏನನ್ನೋ ಮರೆಮಾಚಲು ಮೊದಲೇ ಓಡಿಸಿಟ್ಟಿದ್ದಾರೆ ಎಂಬ ಅನುಮಾನಕ್ಕೆ ಜಾಗವಿದೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆಗುವ ರೀತಿ, ಮೊದಲ ಅರ್ಧ ನಿಮಿಷದ ಟಕಟಕ ಸದ್ದು, ಸೈಲೆನ್ಸರಿನಿಂದ ಬರುವ ಹೊಗೆಯ ಬಣ್ಣ, ಇವು ಸುಳ್ಳು ಹೇಳುವುದಿಲ್ಲ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಹಾಲಿನ ಹಾಗೆ ಬೆಳ್ಳಗೆ ಕಲಸಿಕೊಂಡಿದ್ದರೆ ಕೂಲೆಂಟ್ ಒಳಗೆ ಸೇರಿದೆ. ಅಲ್ಲಿಂದ ನಮಸ್ಕಾರ ಹೇಳಿ ಹೊರಡುವುದೇ ಒಳ್ಳೆಯದು.

ಸ್ಪೋರ್ಟ್ಸ್ ಬೈಕಿನ ಫೇರಿಂಗ್ ಅಂದಕ್ಕೆ ಎಷ್ಟೋ, ಬಿದ್ದ ಗಾಡಿಯ ಗುಟ್ಟನ್ನು ಮುಚ್ಚುವುದಕ್ಕೂ ಅಷ್ಟೇ. ಹೊರಗಿನ ಪ್ಯಾನೆಲ್ ಬದಲಿಸಿ ಸ್ಟಿಕ್ಕರ್ ಹಚ್ಚಿದರೆ ಹೊಸದರಂತೆ ಹೊಳೆಯುತ್ತದೆ. ಆದ್ದರಿಂದ ಯಾರೂ ಬದಲಿಸಲು ಮನಸ್ಸು ಮಾಡದ ಜಾಗಗಳನ್ನು ನೋಡಬೇಕು. ಹ್ಯಾಂಡಲ್‌ಬಾರಿನ ತುದಿ, ಬ್ರೇಕ್ ಮತ್ತು ಕ್ಲಚ್ ಲಿವರಿನ ತುದಿಯ ಗುಂಡು, ಫುಟ್‌ರೆಸ್ಟಿನ ಅಂಚು, ಇಂಜಿನ್ ಕವರಿನ ಹೊರಮೈ: ಗಾಡಿ ಬಿದ್ದರೆ ಮೊದಲು ನೆಲಕ್ಕೆ ತಾಗುವುದು ಇವೇ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಅದು ಬಂದು ನಿಲ್ಲುವ ಕಡೆ ಫ್ರೇಮಿನಲ್ಲಿರುವ ಸಣ್ಣ ಲೋಹದ ತಡೆಗಳನ್ನು ಟಾರ್ಚ್ ಹಾಕಿ ನೋಡಿ. ಅವು ಜಜ್ಜಿಹೋಗಿದ್ದರೆ ಗಾಡಿ ಜೋರಾಗಿಯೇ ಬಿದ್ದಿದೆ. ಸಣ್ಣ ಗೀರಿಗೆ ಹೆದರಬೇಕಿಲ್ಲ. ಪಾರ್ಕಿಂಗ್‌ನಲ್ಲಿ ಮಗುಚಿದ ಗಾಡಿ, ಬೆಲೆ ಇಳಿಸಿದರೆ, ಕೊಳ್ಳಬಹುದಾದದ್ದೇ. ಫೇರಿಂಗ್ ಬಿಚ್ಚಿ ನೋಡಲು ಬಿಡದವರ ಗಾಡಿ ಮಾತ್ರ ಬೇಡ.

ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿದಾಗ ನಡುವೆ ಕಚ್ಚಿಕೊಂಡಂತೆ ಆದರೆ ಕೋನ್ ಸೆಟ್ ಹೋಗಿದೆ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಬೆರಳಾಡಿಸಿ. ಎಣ್ಣೆಯ ಉಂಗುರ ಕಂಡರೆ ಸೀಲ್ ಸೋರುತ್ತಿದೆ, ಒರಟು ಚುಕ್ಕಿ ಸಿಕ್ಕರೆ ಹೊಸ ಸೀಲ್ ಹಾಕಿಸಿದರೂ ಅದು ಬಾಳುವುದಿಲ್ಲ. ನಮ್ಮ ಗುಂಡಿಗಳು ಅಲಾಯ್ ರಿಮ್ಮನ್ನು ತೆಪ್ಪಗೆ ಬಿಡುವುದಿಲ್ಲ, ಚಕ್ರ ತಿರುಗಿಸಿ ಅಂಚು ಅಲುಗಾಡುತ್ತದೆಯೇ ನೋಡಿ. ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸೆಟ್ ಇಡಿಯಾಗಿ ಬದಲಾಗಬೇಕು. ಬ್ರೇಕ್ ಡಿಸ್ಕಿನ ಮೇಲೆ ಅದು ಎಷ್ಟು ತೆಳುವಾಗುವವರೆಗೆ ಬಳಸಬಹುದು ಎಂಬುದನ್ನು ಕಂಪನಿಯೇ ಕೆತ್ತಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗ್ರಿಪ್ಪು ಎಷ್ಟೇ ಉಳಿದಿರಲಿ, ಐದಾರು ವರ್ಷ ಕಳೆದ ರಬ್ಬರ್ ಗಟ್ಟಿಯಾಗಿರುತ್ತದೆ. ಮಳೆಯಲ್ಲಿ ಅದನ್ನು ನಂಬಿ ವಾಲುವಂತಿಲ್ಲ. ಮೀಟರಿನಲ್ಲಿ ಎಂಟು ಸಾವಿರ ತೋರಿಸುವ ಗಾಡಿಯ ಫುಟ್‌ರೆಸ್ಟ್ ರಬ್ಬರ್, ಹ್ಯಾಂಡಲ್ ಗ್ರಿಪ್, ಕೀಲಿ ತೂತಿನ ಸುತ್ತಲಿನ ಸವೆತ ನಲವತ್ತು ಸಾವಿರದ ಕಥೆ ಹೇಳುತ್ತಿದ್ದರೆ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಳೆಯ ಸರ್ವಿಸ್ ದಾಖಲೆ ತೆಗೆಸಿ ಹೋಲಿಸಿ.

ಓಡಿಸಿ ನೋಡುವಾಗ ಟ್ರಾಫಿಕ್ಕಿಗೂ ಒಯ್ಯಿರಿ. ಬಿಸಿಯಾದಾಗ ರೇಡಿಯೇಟರ್ ಫ್ಯಾನ್ ತಿರುಗಬೇಕು. ಮೇಲಿನ ಗೇರಿನಲ್ಲಿ ರೇಸ್ ಕೊಟ್ಟಾಗ ಇಂಜಿನ್ ಕೂಗುತ್ತಿದ್ದು ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಸವೆದಿದೆ. ನೇರ ರಸ್ತೆಯಲ್ಲಿ ಹಿಡಿತ ಸಡಿಲಿಸಿದಾಗ ಗಾಡಿ ಒಂದೇ ಕಡೆ ಎಳೆದರೆ ಫ್ರೇಮ್ ಅಥವಾ ಫೋರ್ಕ್ ಬಾಗಿರಬಹುದು. ಇಷ್ಟನ್ನೂ ಒಬ್ಬರೇ ಮಾಡುವುದು ಕಷ್ಟ. ಗೊತ್ತಿರುವ ಮೆಕ್ಯಾನಿಕ್ ಅಣ್ಣನಿಗೆ ಅರ್ಧ ದಿನದ ಕೂಲಿ ಕೊಟ್ಟು ಕರೆದೊಯ್ಯುವುದಕ್ಕಿಂತ ಒಳ್ಳೆಯ ಖರ್ಚು ಈ ಇಡೀ ವ್ಯವಹಾರದಲ್ಲಿ ಇನ್ನೊಂದಿಲ್ಲ.

ಕಾಗದಪತ್ರದ ವಿಷಯ ಬೇಸರದ್ದು, ಆದರೆ ಹಣ ಮುಳುಗುವುದು ಇಲ್ಲೇ. ಚಾಸಿ ನಂಬರು, ಇಂಜಿನ್ ನಂಬರು ಎರಡೂ ಆರ್‌ಸಿ ಜೊತೆ ತಾಳೆಯಾಗಬೇಕು. ಅಂಕಿ ಉಜ್ಜಿದಂತೆ ಕಂಡರೆ ಮಾತುಕತೆ ಬೇಡ. ಸಾಲದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಬಾಕಿ ಉಳಿದ ಟ್ರಾಫಿಕ್ ದಂಡ ಗಾಡಿಯ ಹಿಂದೆಯೇ ಬರುತ್ತದೆ, ಮೊದಲೇ ನೋಡಿಕೊಳ್ಳಿ. ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30; ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ ತಿಳಿಸಬೇಕು. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ನಿಮ್ಮ ಗಾಡಿಗೆ ಆದ ಹಾನಿಯ ಕ್ಲೇಮ್ ಕೈತಪ್ಪಬಹುದು. ಹೊರರಾಜ್ಯದ ನಂಬರಿನ ಗಾಡಿ ಅಗ್ಗಕ್ಕೆ ಸಿಗುವುದು ಏಕೆಂದರೆ ಇಲ್ಲಿನ ತೆರಿಗೆ ಅದರಲ್ಲಿ ಸೇರಿಲ್ಲ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲೇ ಮರುನೋಂದಣಿಯಾಗಬೇಕು. ಆ ತೆರಿಗೆ ಮತ್ತು ಓಡಾಟವನ್ನು ಕೂಡಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಮುಂದುವರಿಯಿರಿ.

ಗಾಡಿ ಮನೆಗೆ ಬಂತು. ಮೊದಲು ಇಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ, ಟೈರ್ ಹಳತಾಗಿದ್ದರೆ ಅದನ್ನೂ. ಇದಕ್ಕೆಂದೇ ಗಾಡಿಯ ಬೆಲೆಯ ಐದನೇ ಒಂದು ಪಾಲನ್ನು ಕೊಳ್ಳುವಾಗಲೇ ಎತ್ತಿಡುವುದು ಜಾಣತನ. ಉಳಿದ ಹಣ ಮೈಮೇಲೆ ಹಾಕಿಕೊಳ್ಳುವುದಕ್ಕೆ. ಪೂರ್ತಿ ಮುಖ ಮುಚ್ಚುವ, ಐಎಸ್‌ಐ ಗುರುತಿನ ಹೆಲ್ಮೆಟ್; ದೇಶದ ದೊಡ್ಡ ಹೆಲ್ಮೆಟ್ ಕಂಪನಿಗಳಲ್ಲೊಂದಾದ ವೇಗಾ ನಮ್ಮ ಬೆಳಗಾವಿಯದೇ. ಭುಜ, ಮೊಣಕೈ, ಬೆನ್ನಿಗೆ ರಕ್ಷಾಕವಚವಿರುವ ಜಾಕೆಟ್, ಗ್ಲೌಸ್, ಪಾದದ ಗಂಟು ಮುಚ್ಚುವ ಬೂಟು. ಬಿದ್ದಾಗ ಮನುಷ್ಯ ಮೊದಲು ಕೈಯೂರುತ್ತಾನೆ. ಗ್ಲೌಸ್ ಇಲ್ಲದ ಅಂಗೈ ಎಷ್ಟು ದಿನ ಊಟಕ್ಕೂ ಬಾರದಂತಾಗುತ್ತದೆ ಎಂದು ಅನುಭವಿಸಿದವರೇ ಹೇಳಬೇಕು.

ಓಡಿಸುವುದೆಲ್ಲಿ ಎಂಬುದು ಇನ್ನೊಂದು ಪ್ರಶ್ನೆ. ಕನಸಿನಲ್ಲಿ ಕಂಡ ಬೆಂಗಳೂರು–ಮೈಸೂರು ದಶಪಥದ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಚಾರ್ಮಾಡಿ, ಆಗುಂಬೆಯ ತಿರುವುಗಳು ಕರೆಯುತ್ತವೆ ನಿಜ. ಆದರೆ ಆ ತಿರುವುಗಳಲ್ಲಿ ಬಸ್ಸು ರಸ್ತೆಯ ಎರಡೂ ಪಾಲನ್ನು ಬಳಸಿಯೇ ತಿರುಗುತ್ತದೆ. ಮಳೆಗಾಲದಲ್ಲಿ ಅಂಚಿನ ತುಂಬ ಪಾಚಿ, ಕೆಸರು, ಕಲ್ಲು. ಅಲ್ಲಿ ಕಣ್ಣಿಗೆ ಕಾಣುವ ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಷ್ಟೇ ಹೋಗಬೇಕು, ಗಾಡಿ 150 ಇರಲಿ, 390 ಇರಲಿ.

ಗಾಡಿಯ ನಿಜವಾದ ಶಕ್ತಿ ತಿಳಿಯಬೇಕೆಂದರೆ ರೇಸ್ ಟ್ರ್ಯಾಕಿಗೆ ಹೋಗಬೇಕು. ಬೆಂಗಳೂರಿನಿಂದ ದಿನದೊಳಗೆ ಮುಟ್ಟುವ ಎರಡು ಟ್ರ್ಯಾಕ್‌ಗಳಿವೆ, ಒಂದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯಲ್ಲಿ, ಇನ್ನೊಂದು ಕೊಯಮತ್ತೂರಿನ ಕಾರಿ ಸ್ಪೀಡ್‌ವೇ. ಶುಲ್ಕ ಕೊಟ್ಟು ಕಲಿಯಬಹುದಾದ ತರಬೇತಿಗಳು ಅಲ್ಲಿ ನಡೆಯುತ್ತವೆ. ಎದುರಿನಿಂದ ಯಾರೂ ಬರುವುದಿಲ್ಲ, ಬಿದ್ದರೆ ಪಕ್ಕದಲ್ಲಿ ಆಂಬುಲೆನ್ಸ್ ಇರುತ್ತದೆ. ಒಂದು ದಿನ ಅಲ್ಲಿ ಕಳೆದವರು ಬೀದಿಯಲ್ಲಿ ಹೆಚ್ಚು ತಾಳ್ಮೆಯಿಂದ ಓಡಿಸುವುದನ್ನು ಕಂಡಿದ್ದೇನೆ. ಮಣ್ಣಿನ ಹಾದಿಯ ಕಲಿಕೆಗೆ, 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೋಲಾರದ ಕಡೆ ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್ ಇದೆ. ಸಂತೋಷ್, 2019ರಲ್ಲಿ ಬಾಜಾ ರ‍್ಯಾಲಿಗಳ ವಿಶ್ವಕಪ್‌ನಲ್ಲಿ ಮಹಿಳಾ ವಿಭಾಗ ಗೆದ್ದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ, ಡಕಾರ್ ಓಡಿಸಿದ ಕೆ.ಪಿ. ಅರವಿಂದ್ ಎಲ್ಲರೂ ನಮ್ಮವರು. ಮಣ್ಣಿನಲ್ಲಿ ಜಾರುವ ಚಕ್ರವನ್ನು ಸಂಭಾಳಿಸಲು ಕಲಿತ ಕೈ, ಮಳೆಯ ಡಾಂಬರಿನ ಮೇಲೆ ಗಾಬರಿಯಾಗುವುದಿಲ್ಲ.

ಕೊನೆಯ ಕೆಲಸವೊಂದು ಉಳಿಯುತ್ತದೆ, ಹಳೆಯ 150 ಮಾರುವುದು. ಅದನ್ನು ಕೊಳ್ಳಲು ಬರುವವರು ಸಾಮಾನ್ಯವಾಗಿ ನೀವು ಒಂದು ಕಾಲಕ್ಕೆ ಇದ್ದ ಹಾಗೆಯೇ ಇರುವವರು: ಹೊಸ ಕಲಿಕೆಯ ಹುಡುಗ, ಜೊತೆಗೆ ಅವನ ಅಪ್ಪ. ಗಾಡಿ ಎಲ್ಲಿ ಬಿದ್ದಿತ್ತು, ಏನು ಬದಲಾಗಿದೆ ಎಂಬುದನ್ನು ಅವರಿಗೆ ಹೇಳಿಬಿಡಿ, ಸರ್ವಿಸ್ ಬಿಲ್ಲು ಮತ್ತು ಎರಡನೇ ಕೀಲಿ ಕೊಡಿ. ಖಾಲಿ ಫಾರಂಗೆ ಸಹಿ ಹಾಕಿ ಕೈತೊಳೆದುಕೊಳ್ಳಬೇಡಿ. 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಗಾಡಿ ಎಷ್ಟು ಕೈ ದಾಟಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆಗೆ ಅವರೇ ಮಾಲೀಕರು. ಹೊಸ ಹೆಸರು ಪರಿವಾಹನ್ ಜಾಲತಾಣದಲ್ಲಿ ಬಂದದ್ದನ್ನು ನೋಡುವ ತನಕ ಆ ಹುಡುಗನ ಫೋನ್ ನಂಬರು ನಿಮ್ಮ ಬಳಿ ಇರಲಿ.